ಕರಡಿಗೆಯ ಪಕ್ಕದಲ್ಲೊಂದು ಪದಕ

ಕಳೆದ ಆಷಾಢದಲ್ಲಿ ನನ್ನ ಹಿರಿಯಕ್ಕ ದಾವಣಗೆರೆಯಿಂದ ಕುಂದಾಪುರದ ನಮ್ಮ ಮನೆಗೆ ಬಂದಿದ್ದರು. ಆಷಾಢದ ಕುಂದಾಪುರವೆಂದರೆ ಬಯಲುಸೀಮೆಯವರಿಗೆ ಒಂದು ಬಗೆಯ ಶಿಕ್ಷೆಯೇ ಸರಿ. ಮೂರು ದಿನಗಳಿಂದ ಎಡೆಬಿಡದ ಮಳೆ, ಒಣಗದ ಬಟ್ಟೆ, ಎಲ್ಲೋ ಮರ ಬಿದ್ದು ಕಡಿದುಹೋದ ವಿದ್ಯುತ್ ತಂತಿ. ಮಧ್ಯಾಹ್ನ ಹೋದ ಕರೆಂಟು ರಾತ್ರಿಯ ಪೂಜೆಯ ವೇಳೆಗೂ ಬಂದಿರಲಿಲ್ಲ. ಎಣ್ಣೆಯ ದೀಪದ ಬೆಳಕಿನಲ್ಲಿ ಅಕ್ಕ ಲಿಂಗಪೂಜೆಗೆ ಕುಳಿತು ಕರಡಿಗೆಯನ್ನು ಕೈಗೆ ತೆಗೆದುಕೊಂಡಾಗ, ಶಿವದಾರದಲ್ಲಿ ಅದರ ಜೊತೆಗೇ ಇನ್ನೊಂದು ವಸ್ತು ತೂಗಾಡುತ್ತಿರುವುದು ಕಾಣಿಸಿತು. ಹಳೆಯ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ, ಕಪ್ಪನೆಯ, ಕಲ್ಲಿನಂತೆ ತೋರುವ ಒಂದು ಬಿಲ್ಲೆ.

ಪೂಜೆ ಮುಗಿದ ಮೇಲೆ ಅದೇನೆಂದು ಕೇಳಿದೆ.

"ಶಕ್ತಿಪದಕ ಅಂತ ತಮ್ಮಾ. ಇದರಾಗ ಕ್ವಾಂಟಮ್ ಶಕ್ತಿ ಐತಂತೆ. ಮೊಬೈಲಿನ ರೇಡಿಯೇಷನ್ ತಡೀತೈತಿ, ಬಿಪಿ ತಾನ ಇಳೀತೈತಿ. ಹಾಕ್ಕೊಂಡ ಮ್ಯಾಲೆ ನಾನು ಗುಳಿಗಿನೂ ಬಿಟ್ಟೀನಿ, ಎರಡು ತಿಂಗಳಾತು."

ಎರಡು ತಿಂಗಳು! ಮರುದಿನ ಬೆಳಿಗ್ಗೆಯೇ ಪರಿಚಯದ ವೈದ್ಯರ ಬಳಿಗೆ ಕರೆದೊಯ್ದೆ. ರಕ್ತದೊತ್ತಡ 186/104 ಇತ್ತು. ಅಕ್ಕನಿಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಯಾವ ತೊಂದರೆಯೂ ಇಲ್ಲ. ರಕ್ತದೊತ್ತಡದ ಕಪಟವೇ ಅದು. ಒಳಗೆ ಮಿದುಳಿನ, ಹೃದಯದ, ಮೂತ್ರಪಿಂಡದ ರಕ್ತನಾಳಗಳು ಸವೆಯುತ್ತಿದ್ದರೂ ಹೊರಗೆ ಮನುಷ್ಯ ಆರಾಮವಾಗಿಯೇ ಇರುತ್ತಾನೆ. ಆ ಆರಾಮವನ್ನೇ ಪದಕದ ಮಹಿಮೆಯೆಂದು ಅಕ್ಕ ಭಾವಿಸಿದ್ದರು. ವೈದ್ಯರು ಗದರಿಸಲಿಲ್ಲ. ಹಳೆಯ ಗುಳಿಗೆಯನ್ನು ಮತ್ತೆ ಆರಂಭಿಸಿ, ವಾರಕ್ಕೊಮ್ಮೆ ಬಂದು ತೋರಿಸುವಂತೆ ಹೇಳಿದರು. "ಇನ್ನು ಮುಂದೆ ಗುಳಿಗೆ ನಿಲ್ಲಿಸುವ ಮನಸ್ಸಾದರೆ ನನ್ನನ್ನು ಒಂದು ಮಾತು ಕೇಳಿ ಅಮ್ಮಾ" ಎಂದಷ್ಟೇ ಅಂದರು.

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿ ನಿವೃತ್ತನಾದವನು ನಾನು, ವೈದ್ಯನಲ್ಲ. ಆದರೂ ಪತ್ರಿಕೆಯ ಆರೋಗ್ಯ ವಿಭಾಗಕ್ಕೆ ಇದನ್ನು ಬರೆಯುವುದಕ್ಕೆ ಕಾರಣವಿದೆ. ಆ ಪದಕವನ್ನು ಅಕ್ಕನ ಅನುಮತಿ ಪಡೆದು, ಕಾಲೇಜೊಂದರ ಪ್ರಯೋಗಾಲಯದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯ ಬಳಿ ಒಯ್ದೆ. ಪದವಿ ತರಗತಿಗಳಲ್ಲಿ ವಿಕಿರಣವನ್ನು ಎಣಿಸಲು ಬಳಸುವ ಗೈಗರ್ ಕೌಂಟರ್ ಅಲ್ಲಿತ್ತು. ಬರಿಯ ಮೇಜಿನ ಮೇಲೆ ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು. ಎಲ್ಲ ಕಡೆಗೂ ಇರುವ ಸಹಜ ಹಿನ್ನೆಲೆ ವಿಕಿರಣವದು. ಪದಕವನ್ನು ಹತ್ತಿರ ತಂದೊಡನೆ ಟಿಕ್‌ಟಿಕ್ ಸದ್ದು ಒಂದರ ಮೇಲೊಂದು ಬಿದ್ದು, ಹೆಂಚಿನ ಮೇಲೆ ಮಳೆ ಬಿದ್ದಂತಾಯಿತು. ರೇಡಿಯೇಷನ್ ತಡೆಯಲೆಂದು ಹಣ ಕೊಟ್ಟು ಕೊಂಡ ವಸ್ತು ತಾನೇ ರೇಡಿಯೇಷನ್ ಸೂಸುತ್ತಿತ್ತು.

ಇದು ನನ್ನ ಅಕ್ಕನೊಬ್ಬರ ದುರದೃಷ್ಟವಲ್ಲ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್ ದೇಶದ ಅಣುಸುರಕ್ಷತಾ ಪ್ರಾಧಿಕಾರವು, 5ಜಿ ತರಂಗಗಳಿಂದ ಕಾಪಾಡುತ್ತವೆಂದು ಮಾರಾಟವಾಗುತ್ತಿದ್ದ ಹತ್ತು ವಸ್ತುಗಳನ್ನು ಹೆಸರಿಸಿ, ಅವು ಅಯಾನೀಕರಿಸುವ ವಿಕಿರಣವನ್ನು ಹೊರಸೂಸುತ್ತವೆ, ಧರಿಸಬೇಡಿ ಎಂದು ಸಾರ್ವಜನಿಕರನ್ನು ಎಚ್ಚರಿಸಿತು. ಕೊರಳಿನ ಪದಕ, ಕೈಬಳೆ, ಮಲಗುವಾಗ ಕಟ್ಟಿಕೊಳ್ಳುವ ಕಣ್ಣುಪಟ್ಟಿ, ಅಷ್ಟೇಕೆ, ಮಕ್ಕಳ ಕೈಬಳೆಯೂ ಆ ಪಟ್ಟಿಯಲ್ಲಿತ್ತು. 'ಋಣ ಅಯಾನು' ಹೊಮ್ಮಿಸುತ್ತದೆಂದು ಹೇಳುವ ಇಂಥ ಸರಕುಗಳಲ್ಲಿ ಹಲವಕ್ಕೆ ಬೆರೆಸುವುದು ಥೋರಿಯಂ ಉಳ್ಳ ಖನಿಜದ ಪುಡಿ. ಥೋರಿಯಂ ತನ್ನಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳಲು ಸುಮಾರು 1,400 ಕೋಟಿ ವರ್ಷ ಬೇಕು. 'ಎಂದೂ ಬತ್ತದ ಶಕ್ತಿ' ಎಂದು ಮಾರಾಟಗಾರ ಹೇಳಿದ್ದರಲ್ಲಿ, ಅವನಿಗೇ ತಿಳಿಯದಂತೆ, ಇಷ್ಟು ನಿಜವಿತ್ತು!

ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಒಂದೆರಡು ತಿಂಗಳು ಧರಿಸಿದವರು ಕಂಗಾಲಾಗಬೇಕಾದಷ್ಟು ಪ್ರಮಾಣ ಅದರಲ್ಲಿ ಇರುವುದಿಲ್ಲ. ಆದರೆ ಹಗಲಿರುಳೂ ಎದೆಯ ಚರ್ಮಕ್ಕೆ ತಾಗಿಸಿಕೊಂಡು ವರ್ಷಗಟ್ಟಲೆ ಧರಿಸಿದರೆ ಚರ್ಮಕ್ಕೆ ವಿಧಿಸಿರುವ ಮಿತಿ ಮೀರಬಹುದು. ಎಕ್ಸ್‌ರೇ ತೆಗೆಯುವಾಗಲೂ ವಿಕಿರಣ ಬೀಳುತ್ತದೆಯಲ್ಲ ಎಂದು ಕೇಳಬಹುದು. ಬೀಳುತ್ತದೆ, ಬದಲಿಗೆ ಮುರಿದ ಎಲುಬು ಕಾಣುತ್ತದೆ. ಪದಕದಿಂದ ಏನು ಕಂಡಿತು?

ಮೊಬೈಲಿನ ಮಾತನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. ಮೊಬೈಲಿನ ತರಂಗಗಳು ರೇಡಿಯೋ ತರಂಗಗಳ ಜಾತಿಯವು. ಅಣುಗಳನ್ನು ಒಡೆಯುವಷ್ಟು ಕಸುವು ಅವಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಅವನ್ನು 'ಬಹುಶಃ ಕ್ಯಾನ್ಸರ್‌ಕಾರಕ ಇರಬಹುದು' ಎಂಬ ಸಂದೇಹದ ವರ್ಗಕ್ಕೆ ಸೇರಿಸಿದ್ದು ನಿಜ. ನಮ್ಮ ಸರ್ಕಾರವೂ ಮೊಬೈಲುಗಳಿಗೆ ಒಂದು ಕಿಲೋಗ್ರಾಂ ಅಂಗಾಂಶಕ್ಕೆ 1.6 ವಾಟ್ ಎಂಬ ಬಿಗಿಯಾದ ಮಿತಿ ಹಾಕಿದೆ. ಅಂಜಿಕೆಯುಳ್ಳವರು ಮೊಬೈಲನ್ನು ಕಿವಿಯಿಂದ ದೂರವಿರಿಸಿ ಮಾತನಾಡಲಿ. ಅದಕ್ಕೆ ಕಾಸು ಖರ್ಚಿಲ್ಲ. ಎದೆಯ ಮೇಲಿನ ಬಿಲ್ಲೆ ಕಿವಿಯ ಬಳಿಯ ತರಂಗವನ್ನು ತಡೆಯುವುದು ಹೇಗೆ? ನಿಜವಾಗಿ ತಡೆದಿದ್ದರೆ ಕರೆಯೇ ಕಡಿದುಹೋಗಬೇಕಿತ್ತು. ಅಕ್ಕ ಪದಕ ಧರಿಸಿಯೂ ಮೊಮ್ಮಗಳೊಡನೆ ಗಂಟೆಗಟ್ಟಲೆ ಮಾತನಾಡುತ್ತಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಪದಕಕ್ಕಿಂತ ಅದರ ಜೊತೆಗೆ ಬಂದ ಮಾತು. ಶಿವಲಿಂಗವೆಂಬುದು ಪ್ರಾಚೀನರ ಅಣುಸ್ಥಾವರ, ಭಾಭಾ ಅಣುಸಂಶೋಧನಾ ಕೇಂದ್ರದ ಸ್ಥಾವರದ ಆಕಾರವೇ ಅದಕ್ಕೆ ಸಾಕ್ಷಿ, ನೀರಿನ ಅಭಿಷೇಕ ಮಾಡುವುದು ಸ್ಥಾವರವನ್ನು ತಂಪಾಗಿಸಲೆಂದೇ, ಆದ್ದರಿಂದ ಲಿಂಗಧಾರಿಗಳಿಗೆ ಈ ಶಕ್ತಿಪದಕ ವಿಶೇಷವಾಗಿ ಒಗ್ಗುತ್ತದೆ: ಹೀಗೆ ಸಾಗುವ ಒಂದು ಬರಹ ಅಕ್ಕನ ಮೊಬೈಲಿನಲ್ಲಿತ್ತು. ಅದರ ಮೊದಲ ಭಾಗವನ್ನು ನಿಮ್ಮಲ್ಲಿಯೂ ಅನೇಕರು ಓದಿರುತ್ತೀರಿ. ಹೆಮ್ಮೆಯಿಂದ ಮುಂದಕ್ಕೆ ಕಳುಹಿಸಿಯೂ ಇರಬಹುದು. ಸ್ಥಾವರದ ಮೇಲ್ಛಾವಣಿ ಗುಮ್ಮಟದಂತಿರುವುದು ಒಳಗಿನ ಒತ್ತಡ ಒಂದೇ ಮೂಲೆಗೆ ಬೀಳದೆ ಸಮನಾಗಿ ಹಂಚಿಹೋಗಲೆಂದು. ಅಡುಗೆ ಅನಿಲದ ಸಿಲಿಂಡರಿನ ತಲೆ ದುಂಡಗಿರುವುದೂ ಅದೇ ಕಾರಣಕ್ಕೆ. ಅದನ್ನು ಯಾರೂ ಪೂಜೆಗಿಟ್ಟಿಲ್ಲ. ನಮ್ಮ ಕರಾವಳಿಯಲ್ಲಿ ಸಹಜ ವಿಕಿರಣ ಹೆಚ್ಚಿರುವ ತಾಣಗಳು ಇರುವುದು ನಿಜ. ಕೇರಳದ ಚವರದ ಕಡಲತೀರ ಪ್ರಸಿದ್ಧ. ನಮ್ಮ ಉಳ್ಳಾಲದ ತೀರದಲ್ಲಿಯೂ ಅಂಥ ಮರಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅದಕ್ಕೆ ಕಾರಣ ಯಾವ ಗುಡಿಯೂ ಅಲ್ಲ, ಮರಳಿನಲ್ಲಿರುವ ಮೊನಝೈಟ್ ಎಂಬ ಖನಿಜ. ಆ ಮೊನಝೈಟಿನಲ್ಲಿರುವುದೂ ಥೋರಿಯಮ್ಮೇ.

ಲಿಂಗ ಅಣುಸ್ಥಾವರವಾಗಿದ್ದರೆ ಹುಟ್ಟಿದಂದಿನಿಂದ ಅದನ್ನು ಎದೆಯ ಮೇಲೆ ಧರಿಸುವ ನಮ್ಮ ಸಮುದಾಯದ ಗತಿ ಏನಾಗಬೇಕಿತ್ತು ಎಂದು ಅಕ್ಕನನ್ನು ಕೇಳಿದೆ. ಅವರು ನಕ್ಕರು. ಆಮೇಲೆ ತುಸು ಹೊತ್ತು ಸುಮ್ಮನಿದ್ದು, ಶಿವದಾರದಿಂದ ಪದಕವನ್ನು ಬಿಚ್ಚಿ ನನ್ನ ಕೈಗಿತ್ತರು. ಇಷ್ಟಲಿಂಗಕ್ಕೆ ಭೌತಶಾಸ್ತ್ರದ ಶಿಫಾರಸು ಬೇಕಿಲ್ಲ. ಅಂಥ ಶಿಫಾರಸು ತರುವವನು ಹಿಂದೆಯೇ ಒಂದು ರಸೀದಿಪುಸ್ತಕವನ್ನೂ ತಂದಿರುತ್ತಾನೆ ಎಂಬುದು ನನ್ನ ಅನುಭವ.

ಪದಕದ ಸುದ್ದಿ ಬೀದಿಗೆ ಹರಡಿತು. ಎರಡು ದಿನ ಬಿಟ್ಟು, ಮೋಟಾರು ವೈಂಡಿಂಗ್ ಮಾಡುವ ನೆರೆಯವರೊಬ್ಬರು ಮೊಬೈಲು ಹಿಡಿದು ಬಂದರು. "ಹ್ವಾಯ್ ಮಾಷ್ಟ್ರೇ, ಅದ್ ಇರ್ಲಿ, ಇದ್ ಕಾಣಿ. ಇದ್ರ್ ಬಗ್ಗೆ ಎಂತ ಹೇಳ್ತ್ರಿ?" ಎಂದು ಒಂದು ವೀಡಿಯೊ ತೋರಿಸಿದರು. ಒಂದು ಮೋಟಾರು, ಅದಕ್ಕೆ ಬೆಲ್ಟಿನಿಂದ ಜೋಡಿಸಿದ ಭಾರವಾದ ಗಾಲಿ, ಗಾಲಿಯಿಂದ ತಿರುಗುವ ಜನರೇಟರು. ಜನರೇಟರಿನ ವಿದ್ಯುತ್ತೇ ಮೋಟಾರನ್ನು ಓಡಿಸುತ್ತದೆ, ಮಿಕ್ಕದ್ದು ಇಡೀ ಮನೆಗೆ ಬೆಳಕು ಕೊಡುತ್ತದೆ. ಇಂಧನ ಬೇಡ, ಬಿಸಿಲು ಬೇಡ, ಬಿಲ್ಲು ಬೇಡ. ಮಳೆಗಾಲದ ಕುಂದಾಪುರದಲ್ಲಿ ಯಾರ ಮನಸ್ಸು ಕರಗದು? ಸಹಕಾರಿ ಸಂಘದಲ್ಲಿ ಒಂದೂವರೆ ಲಕ್ಷ ಸಾಲಕ್ಕೆ ಅವರು ಅರ್ಜಿಯನ್ನೂ ಬರೆದಿಟ್ಟಿದ್ದರು.

ಈ ಕನಸು ಹೊಸದಲ್ಲ. ನಮ್ಮ ನಾಡಿನಲ್ಲಿ ಶರಣರು ಬಾಳಿದ ಅದೇ ಹನ್ನೆರಡನೆಯ ಶತಮಾನದಲ್ಲಿ, 1150ರಲ್ಲಿ ಸಿದ್ಧಾಂತ ಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯರು, ಟೊಳ್ಳಾದ ಅರಗಳಲ್ಲಿ ಅರ್ಧದಷ್ಟು ಪಾದರಸ ತುಂಬಿದ ಚಕ್ರವೊಂದು ತಾನಾಗಿಯೇ ತಿರುಗುವುದೆಂದು ವಿವರಿಸಿದ್ದಾರೆ. ಅವರಿಗಿಂತ ಐದು ಶತಮಾನ ಮೊದಲೇ ಬ್ರಹ್ಮಗುಪ್ತರೂ ಅಂಥದೇ ಚಕ್ರವನ್ನು ಹೇಳಿದ್ದರು. ಮಹಾನ್ ಗಣಿತಜ್ಞರೂ ಎಡವಿದ ಜಾಗವಿದು. ಎಡವಿದ್ದರಿಂದ ಅವರ ಗಣಿತದ ಘನತೆಗೆ ಕುಂದೇನೂ ಬಂದಿಲ್ಲ. ಆ ಚಕ್ರವನ್ನು ಮಾಡಿ ನೋಡಿದವರಿಗೆ ಅದು ತಿರುಗಿ ತಿರುಗಿ ನಿಂತದ್ದೇ ಕಂಡಿತು. ಸಾಕುಸಾಕಾಗಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು 1775ರಲ್ಲಿ, ನಿರಂತರ ಚಲನೆಯ ಯಂತ್ರಗಳನ್ನು ಇನ್ನು ಪರಿಶೀಲಿಸುವುದೇ ಇಲ್ಲವೆಂದು ತೀರ್ಮಾನಿಸಿತು.

ನೆರೆಯವರಿಗೆ ಇತಿಹಾಸ ಹೇಳಲಿಲ್ಲ. ಅವರದೇ ಕಸುಬಿನ ಲೆಕ್ಕ ಕೇಳಿದೆ. ಸಾವಿರ ವಾಟ್ ಕೊಟ್ಟರೆ ಒಳ್ಳೆಯ ಮೋಟಾರು ಎಷ್ಟು ಕೆಲಸ ಕೊಡುತ್ತದೆ? ಎಂಟುನೂರೈವತ್ತು ಎಂದರು. ಜನರೇಟರೂ ಅಷ್ಟೇ ಒಳ್ಳೆಯದಿದ್ದರೆ ಆ ಎಂಟುನೂರೈವತ್ತರಿಂದ ಹೊರಬರುವುದು ಏಳುನೂರ ಇಪ್ಪತ್ತು. ಬೆಲ್ಟಿನ ಸವೆತವನ್ನು ಕಳೆದರೆ ಇನ್ನೂ ಕಡಿಮೆ. ಏಳುನೂರು ವಾಟಿನಿಂದ ಸಾವಿರ ವಾಟಿನ ಮೋಟಾರು ಓಡಿ, ಮೇಲೆ ಮನೆಗೂ ಉಳಿಯಬೇಕಂತೆ! ಭಾರದ ಗಾಲಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಕೊಟ್ಟದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ಹಿಂದಿರುಗಿಸುತ್ತದೆ, ಪಿಗ್ಮಿ ಖಾತೆಯ ಹಾಗೆ, ಆದರೆ ಬಡ್ಡಿ ಕೊಡುವುದಿಲ್ಲ, ಕಡಿದುಕೊಳ್ಳುತ್ತದೆ. ವೀಡಿಯೊದಲ್ಲಿ ಬಲ್ಬು ಉರಿಯುವುದು ಆ ಗಾಲಿ ನಿಧಾನವಾಗುವವರೆಗೆ, ಇಲ್ಲವೇ ಮೇಜಿನಡಿಯ ಬ್ಯಾಟರಿ ಇರುವವರೆಗೆ. ಒಂದು ಹಗಲು ಒಂದು ರಾತ್ರಿ ಪೂರಾ ಉರಿಸಿ ತೋರಿಸಲು ಹೇಳಿ, ಆಮೇಲೆ ಸಾಲ ಮಾಡಿ ಎಂದೆ. ಅವರು ಬೇಸರದಿಂದಲೇ ಒಪ್ಪಿದರು. ಬೇಸರ ನನಗೂ ಆಯಿತು. ಒಬ್ಬ ಕಸುಬುದಾರನ ಆಸೆಯ ಮೇಲೆ ತಣ್ಣೀರು ಎರಚುವುದು ಹಿತವಾದ ಕೆಲಸವಲ್ಲ.

ಆದರೆ ಅವರು ತಾವೇ ನಗುತ್ತ ಇನ್ನೊಂದು ವಿಷಯ ತಿಳಿಸಿದರು. ಪ್ಲಗ್ಗಿಗೆ ಸಿಕ್ಕಿಸಿದರೆ ವಿದ್ಯುತ್ ಬಿಲ್ಲು ಅರ್ಧಕ್ಕೆ ಇಳಿಯುವುದೆಂಬ ಡಬ್ಬಿಗಳು ಮಾರಾಟಕ್ಕಿವೆಯಲ್ಲ, ಅಂಥದೊಂದನ್ನು ಬಿಚ್ಚಿದಾಗ ಒಳಗೆ ಒಂದು ಪುಟ್ಟ ಕೆಪಾಸಿಟರೂ ಒಂದು ಹಸಿರು ದೀಪವೂ ಇದ್ದವಂತೆ. ಪಂಪುಸೆಟ್ಟಿಗೂ ಕಾರ್ಖಾನೆಯ ಮೋಟಾರುಗಳಿಗೂ ಕೆಪಾಸಿಟರ್ ಜೋಡಿಸುವುದು ಅವರ ನಿತ್ಯದ ಕೆಲಸ, ಅಲ್ಲಿ ಅದಕ್ಕೆ ಅರ್ಥವಿದೆ. ಮನೆಯ ಮೀಟರು ಎಣಿಸುವುದು ನಾವು ನಿಜವಾಗಿ ಬಳಸಿದ ಯೂನಿಟ್ಟನ್ನು ಮಾತ್ರ. ಕೆಪಾಸಿಟರ್ ಅದನ್ನು ಇಳಿಸದು. ಇದನ್ನು ಬಲ್ಲವರೇ ಗಾಲಿಯ ವೀಡಿಯೊಕ್ಕೆ ಮರುಳಾದರು. ನಮ್ಮ ಕಸುಬಿನೊಳಗೆ ನಾವು ಜಾಣರು, ಅದರಿಂದ ಒಂದು ಹೆಜ್ಜೆ ಆಚೆ ಎಲ್ಲರೂ ಒಂದೇ. ನಾನೂ ಹೊರತಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಸೂರ್ಯನನ್ನು ದಿಟ್ಟಿಸಿ ನೋಡುತ್ತ ನಿಂತರೆ ಹಸಿವೇ ಆಗದು, ದೇಹಕ್ಕೆ ನೇರವಾಗಿ ಸೌರಶಕ್ತಿ ಸಿಗುತ್ತದೆ ಎಂಬ ಬೋಧನೆಯೂ ಅಕ್ಕನ ಬಳಗದಲ್ಲಿ ಓಡಾಡುತ್ತಿತ್ತು. ಇದು ಪದಕಕ್ಕಿಂತ ಅಪಾಯಕಾರಿ. ಕಣ್ಣಿನ ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲ. ಅದು ಸುಡುವಾಗ ನೋಡುವವನಿಗೆ ಗೊತ್ತೇ ಆಗದು. ಕೆಲವು ಗಂಟೆ ಕಳೆದ ಮೇಲೆ ದೃಷ್ಟಿಯ ನಡುವೆ ಒಂದು ಕಲೆ ಮೂಡಿ, ಕೆಲವರಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ. ಬಿಸಿಲಿನಿಂದ ಡಿ ಜೀವಸತ್ವ ತಯಾರಾಗುವುದು ಚರ್ಮದಲ್ಲಿ, ಕಣ್ಣಿನಲ್ಲಲ್ಲ. ಇನ್ನು ಹಸಿವಿನ ಲೆಕ್ಕ: ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸುಮಾರು ಸಾವಿರ ವಾಟ್ ಬೀಳುತ್ತದೆ. ಮೈಯ ಅರ್ಧ ಚದರ ಮೀಟರನ್ನು ಬಿಸಿಲಿಗೊಡ್ಡಿ, ಮನುಷ್ಯನ ಚರ್ಮ ಹಸಿರೆಲೆಯಂತೆಯೇ ನೂರಕ್ಕೆ ಎರಡು ಪಾಲು ಹಿಡಿದಿಟ್ಟುಕೊಳ್ಳುವುದೆಂದು ಔದಾರ್ಯದಿಂದ ಒಪ್ಪಿಕೊಂಡರೂ ಸಿಗುವುದು ಹತ್ತು ವಾಟ್. ಆರು ಗಂಟೆ ನಿಂತರೆ ಅರ್ಧ ಬಾಳೆಹಣ್ಣಿನಷ್ಟು. ಸುಮ್ಮನೆ ಕುಳಿತಿರುವ ದೇಹಕ್ಕೂ ಬೇಕಾದದ್ದು ಇಡೀ ದಿನ ಎಂಬತ್ತು, ನೂರು ವಾಟ್. ಬಾಳೆಹಣ್ಣನ್ನೇ ತಿನ್ನುವುದು ಲೇಸಲ್ಲವೇ?

ಇದನ್ನೆಲ್ಲ ಓದಿ, ಹೊಸತನ್ನೆಲ್ಲ ಅಲ್ಲಗಳೆಯುವ ಮುದುಕನೆಂದು ಎಣಿಸಬೇಡಿ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ, ಸೂರ್ಯನೊಳಗೆ ನಡೆಯುವ ಬೀಜಸಮ್ಮಿಲನವನ್ನು ಸಾಸಿವೆ ಕಾಳಿಗಿಂತ ತುಸು ದೊಡ್ಡ ಗುಂಡೊಂದರಲ್ಲಿ ನಡೆಸಿ, 2.05 ಮೆಗಾಜೂಲ್ ಬೆಳಕು ಸುರಿದು 3.15 ಮೆಗಾಜೂಲ್ ಪಡೆದಾಗ ನಾನು ಮಗುವಿನಂತೆ ಕುಣಿದಿದ್ದೆ. ಆ ಬೆಳಕನ್ನು ಹುಟ್ಟಿಸಲು ಲೇಸರುಗಳು ಸುಮಾರು ಮುನ್ನೂರು ಮೆಗಾಜೂಲ್ ವಿದ್ಯುತ್ತನ್ನು ನುಂಗಿದವೆಂಬುದನ್ನೂ ಆ ವಿಜ್ಞಾನಿಗಳು ಮುಚ್ಚಿಡಲಿಲ್ಲ. ನಿಜವಾದ ಶೋಧಕ್ಕೂ ಸೋಗಿನ ಶೋಧಕ್ಕೂ ನಾನು ಕಂಡ ವ್ಯತ್ಯಾಸ ಅದೇ. ಮೊದಲನೆಯದು ತನ್ನ ಖರ್ಚಿನ ಪಟ್ಟಿಯನ್ನು ತಾನೇ ಮುಂದಿಡುತ್ತದೆ. ನೀರಿನಿಂದಲೇ ಕಾರು ಓಡಿಸುತ್ತೇನೆಂದಿದ್ದ ಸ್ಟ್ಯಾನ್ಲಿ ಮೆಯರ್ ಎಂಬಾತ ಅಂಥ ಪಟ್ಟಿ ಕೊಡಲಾಗದೆ, 1996ರಲ್ಲಿ ಒಹಾಯೊದ ನ್ಯಾಯಾಲಯದಲ್ಲಿ ವಂಚಕನೆನಿಸಿ ಹೂಡಿಕೆದಾರರಿಗೆ ಹಣ ಹಿಂದಿರುಗಿಸಬೇಕಾಯಿತು. ಅದೇ ವರ್ಷ ತಮಿಳುನಾಡಿನಲ್ಲಿ ಎಲೆಯ ಕಷಾಯದಿಂದ ಪೆಟ್ರೋಲ್ ಬಂದಿತೆಂಬ ಸುದ್ದಿ ನಮ್ಮ ದೇಶವನ್ನೆಲ್ಲ ಕುಣಿಸಿತ್ತು, ಹಿರಿಯರಿಗೆ ನೆನಪಿರಬಹುದು.

ನಮ್ಮ ಮಗ್ಗುಲಲ್ಲೇ ನಿಜವಾದ ಬದಲಿ ಶಕ್ತಿಯ ಕತೆಯಿದೆ. ಹೊಸಂಗಡಿಯ ಬಳಿ ಭೂಗರ್ಭದೊಳಗೆ ವಾರಾಹಿಯ ನೀರು 460 ಮೆಗಾವಾಟ್ ವಿದ್ಯುತ್ ಕೊಡಬಲ್ಲ ಯಂತ್ರಗಳನ್ನು ತಿರುಗಿಸುತ್ತದೆ. ಕೋಟದ ಬಳಿಯ ಹಂದಟ್ಟಿನಲ್ಲಿ ಹುಟ್ಟಿದ ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೊ ಸಂಸ್ಥೆ ಕಟ್ಟಿ, ಬಡವರ ಮನೆಗೆ ಸೌರದೀಪ ತಲುಪಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅವರು ಯಾವ ಗುಪ್ತಶಕ್ತಿಯನ್ನೂ ಕಂಡುಹಿಡಿಯಲಿಲ್ಲ. ದಿನಕ್ಕಿಷ್ಟು ಸೀಮೆಎಣ್ಣೆಗೆ ಖರ್ಚು ಮಾಡುತ್ತಿದ್ದವರು ಅದನ್ನೇ ಬ್ಯಾಂಕಿನ ಕಂತಾಗಿ ಕಟ್ಟುವಂತೆ ಮಾಡಿದ್ದೇ ಅವರ ಹೆಚ್ಚುಗಾರಿಕೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್ ಛಾವಣಿ ಘಟಕಕ್ಕೆ 78,000 ರೂಪಾಯಿವರೆಗೆ ಸಹಾಯಧನವಿದೆ. ಆದರೆ ಇದರ ಖರ್ಚಿನ ಪಟ್ಟಿಯನ್ನೂ ಹೇಳಬೇಕಲ್ಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಉತ್ಪಾದನೆ ಬಹಳ ಇಳಿಯುತ್ತದೆ. ಬ್ಯಾಟರಿಯಿಲ್ಲದ ಘಟಕ, ಬೀದಿಯ ತಂತಿಯಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬವೇರಿದ ಲೈನ್‌ಮ್ಯಾನ್ ಸಾಯಬಾರದೆಂಬುದಕ್ಕಾಗಿ ಹಾಗೆ ಮಾಡಿದ್ದಾರೆ. ಮಾರುವವರು ಇದನ್ನು ಮೊದಲೇ ಹೇಳುವುದಿಲ್ಲ.

ಸಗಣಿಯ ವಿಚಾರವೂ ಹೀಗೆಯೇ. 2020ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರೇ ಮೊಬೈಲಿನ ವಿಕಿರಣ ತಗ್ಗಿಸುವ ಸಗಣಿಯ ಬಿಲ್ಲೆಯನ್ನು ಬಿಡುಗಡೆ ಮಾಡಿದರು. ಪುರಾವೆ ಕೊಡಿ ಎಂದು ನೂರಾರು ವಿಜ್ಞಾನಿಗಳು ಕೇಳಿದರು. ಅದೇ ಸಗಣಿ, ದಿನಕ್ಕೆ ಐವತ್ತು ಕಿಲೋ, ಎಂದರೆ ಮೂರು ನಾಲ್ಕು ದನಗಳದ್ದು, ಗೋಬರ್ ಗ್ಯಾಸ್ ಗುಂಡಿಗೆ ಬಿದ್ದರೆ ಎರಡು ಘನ ಮೀಟರ್ ಅನಿಲವಾಗಿ ಒಂದು ಸಂಸಾರದ ಅಡುಗೆಯನ್ನು ಹೊಗೆಯಿಲ್ಲದೆ ಬೇಯಿಸುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಈ ಅಂಕಿಯನ್ನು ಊಟದ ಹೊತ್ತಿನಲ್ಲಿ ಅಕ್ಕನಿಗೆ ಹೇಳುತ್ತಿದ್ದೆ. ಅವರು ಕೈತೊಳೆದು ಬಂದು ಕೇಳಿದರು: "ನನ್ನ ಪದಕ ಕಿತ್ತುಗೊಂಡಿ, ಛಲೋ ಆತು. ನಿನ್ನ ಹೆಂಡ್ತಿ ದಿನಾ ಬೆಳಿಗ್ಗೆ ಬಚ್ಚಲದಾಗ ತೆಂಗಿನ ಗರಿ ಉರಿಸಿ ಕೆಮ್ಮತಾಳಲ್ಲ, ಅದಕ್ಕ ಏನು ಮಾಡಿ?"

ನನ್ನಲ್ಲಿ ಉತ್ತರವಿರಲಿಲ್ಲ. ಕರಾವಳಿಯ ಬಹುತೇಕ ಮನೆಗಳಂತೆ ನಮ್ಮಲ್ಲಿಯೂ ಸ್ನಾನದ ನೀರು ಕಾಯುವುದು ಬಚ್ಚಲ ಒಲೆಯ ಹಂಡೆಯಲ್ಲಿ, ತೋಟದ ಗರಿ ಮತ್ತು ಸಿಪ್ಪೆಯಿಂದ. ಮಳೆಗಾಲದಲ್ಲಿ ಅವು ಹಸಿಯಾಗಿದ್ದು ಹೊಗೆ ಇಮ್ಮಡಿ. ಇಪ್ಪತ್ತು ವರ್ಷ ಆ ಕೆಮ್ಮನ್ನು ಕೇಳುತ್ತಲೇ ನಾನು ವಿಕಿರಣದ ಪಾಠ ಮಾಡಿದ್ದೆ. ಅದೇ ವಾರ ಪತ್ನಿಯನ್ನೂ ವೈದ್ಯರಿಗೆ ತೋರಿಸಿದೆವು. ಶ್ವಾಸನಾಳ ಕಿರಿದಾಗಿದೆಯೆಂದು ಸೇದುವ ಔಷಧ ಕೊಟ್ಟರು. ಆಷಾಢ ಕಳೆದ ಮೇಲೆ ಗಾರೆಯವರನ್ನು ಕರೆಸಿ ಒಲೆಯ ಬಾಯನ್ನು ಗೋಡೆಯ ಹೊರಗಡೆಗೆ ತಿರುಗಿಸಿ, ಮಾಡಿಗಿಂತ ಎರಡಡಿ ಎತ್ತರಕ್ಕೆ ಹೊಗೆಕೊಳವೆ ಏರಿಸಿದೆವು. ಚಳಿಗಾಲ, ಬೇಸಿಗೆಗೆ ಸೌರ ಜಲತಾಪಕ ಬಂದಿದೆ. ಮಳೆಗಾಲಕ್ಕೆ ಈ ಒಲೆ.

ಅಕ್ಕನ ಪದಕ ಈಗಲೂ ನನ್ನ ಬಳಿಯಿದೆ. ಬಾವಿಗೋ ಕಸದ ಬುಟ್ಟಿಗೋ ಎಸೆಯುವಂಥದ್ದಲ್ಲ, ಮಕ್ಕಳ ಕೈಗೆ ಸಿಗುವಂಥದ್ದೂ ಅಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಗಡಿನ ಡಬ್ಬಿಯಲ್ಲಿಟ್ಟು, ಯಾರೂ ಮಲಗದ ಕೋಣೆಯ ಅಟ್ಟದ ಮೇಲೆ ಇರಿಸಿದ್ದೇನೆ. ಕಳೆದ ವಾರ ಅಕ್ಕ ಫೋನು ಮಾಡಿದ್ದರು. ರಕ್ತದೊತ್ತಡ 134/82 ಆಗಿದೆಯಂತೆ. ಪದಕ ಕೊಟ್ಟವರು ಈಗ ಅದನ್ನೇ ನೀರಿನ ತಂಬಿಗೆಯೊಳಗೆ ಹಾಕಿ ಕುಡಿಯಲು ಹೇಳುತ್ತಿದ್ದಾರೆಂದೂ, ಬಳಗದ ಇನ್ನಿಬ್ಬರು ಧರಿಸಿದ್ದಾರೆಂದೂ, ಅವರನ್ನು ಕುಂದಾಪುರಕ್ಕೆ ಕರೆತರಲೇ ಎಂದೂ ಕೇಳಿದರು. ಮಳೆ ನಿಂತ ಮೇಲೆ ಬನ್ನಿ ಎಂದಿದ್ದೇನೆ. ನೀರಿಗೆ ಹಾಕುವುದನ್ನು ಮಾತ್ರ ಇಂದೇ ನಿಲ್ಲಿಸಲು ಹೇಳಿ ಎಂದೆ.